ಶಾನುಭೋಗಿಕೆ: ಹಳ್ಳಿಯ ಲೆಕ್ಕದ ವೃತ್ತಿ ಮತ್ತು ವೃತ್ತಿಗಾರರು

ಲೆಕ್ಕ ಬರೆಯುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡು, ಸರ್ಕಾರಕ್ಕೂ ಒಕ್ಕಲಿಗೂ ನಡುವೆ ನಿಂತು ಬಾಳಿದ ಶಾನುಭೋಗರು ಎಂತಹ ಉದ್ಯೋಗಸ್ಥರಾಗಿದ್ದರು ಎಂಬುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಇಲ್ಲಿ ವಿಚಾರಿಸಬಹುದು.

ಶಾಸನಗಳಲ್ಲಿ ಬರುವ 'ಸೇನಬೋವ' ಎಂಬ ಪದವೇ ಕಾಲಾನುಕ್ರಮದಲ್ಲಿ ಶಾನುಭೋಗ ಎಂದಾಯಿತು. ದಾನಶಾಸನದ ಕೊನೆಯಲ್ಲಿ ಅದನ್ನು ಬರೆದ ಸೇನಬೋವನ ಹೆಸರನ್ನು ನಮೂದಿಸುವುದು ವಾಡಿಕೆ. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಸೇರಿವೆ. ಚನ್ನಪಟ್ಟಣವು 1630ರಲ್ಲಿಯೂ ಮಾಗಡಿಯು 1728ರಲ್ಲಿಯೂ ಮೈಸೂರಿನ ವಶವಾದವು. ಕೋಟೆಯ ಒಡೆಯರು ಬದಲಾದರೂ ಹೊಸ ಒಡೆಯನಿಗೂ ಭೂಮಿಯ ಲೆಕ್ಕ ಬೇಕೇ ಬೇಕು. ಆ ಲೆಕ್ಕವಾದರೋ ಶಾನುಭೋಗನ ಮನೆಯ ಗಂಟಿನಲ್ಲಿತ್ತು. ಅವನ ಬಲವೆಲ್ಲ ಇದರಲ್ಲಿಯೇ ಅಡಗಿದ್ದಿತು.

ಆ ಗಂಟಿನಲ್ಲಿದ್ದುದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಬಹುದಾಗಿದ್ದುದು ಇದರ ಗುಣವೂ ಹೌದು, ದೋಷವೂ ಹೌದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಕಡತವನ್ನು ಗಮನಿಸಿ ವರ್ಣಿಸಿದ್ದಾನೆ. ಇಂದು ಕಚೇರಿಯ ಫೈಲನ್ನು ನಾವು 'ಕಡತ' ಎನ್ನುವುದು ಈ ಕಪ್ಪು ಬಟ್ಟೆಯ ಪುಸ್ತಕದ ನೆನಪು. ಹಾಗೆನ್ನುವ ಗುಮಾಸ್ತರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೋ!

ಶಾನುಭೋಗನಿಗೆ ಮಾಸಿಕ ಸಂಬಳವೆಂಬುದು ಮೊದಲಿಗೆ ಇರಲಿಲ್ಲ. ಇನಾಮು ಜಮೀನು, ಸುಗ್ಗಿಯಲ್ಲಿ ಕಣದಿಂದ ಬರುವ ಆಯ, ಅನಂತರದಲ್ಲಿ ಪೋಟಗಿ ಎಂಬ ನಗದು, ಇವೇ ಅವನ ಆದಾಯ. ಗೌಡ, ತಳವಾರ, ನೀರಗಂಟಿ ಮೊದಲಾದವರೊಡನೆ ಅವನೂ ಆಯಗಾರರಲ್ಲಿ ಒಬ್ಬನು. ಮಳೆ ಕೈಕೊಟ್ಟರೆ ರೈತನೊಡನೆ ಅವನ ಕಣವೂ ಬರಿದು. 1863ರಲ್ಲಿ ಮೈಸೂರಿನಲ್ಲಿ ಕಂದಾಯ ಮೋಜಣಿ ಆರಂಭವಾದ ಮೇಲೆ ಸರ್ವೆ ನಂಬರು, ಖಾತೆ, ಪಹಣಿ ಎಂಬ ಕ್ರಮಬದ್ಧ ದಾಖಲೆಗಳು ಬೆಳೆದವು. ಜಮಾಬಂದಿಯ ಕಾಲದಲ್ಲಿ ಲೆಕ್ಕವನ್ನು ಹೊತ್ತು ತಾಲ್ಲೂಕು ಕಚೇರಿಗೆ ಹೋಗಿ ಅಮಲ್ದಾರರ ಮುಂದೆ ಉತ್ತರ ಹೇಳಬೇಕಾಗಿದ್ದಿತು. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆ ಈ ಹುದ್ದೆಯನ್ನು ಕಟ್ಟಳೆಗೆ ಒಳಪಡಿಸಿತು. ಹಳ್ಳಿಯಲ್ಲಿ ಅವನು ಯಜಮಾನ. ಕಚೇರಿಯಲ್ಲಿ ಕೈಕಟ್ಟಿ ನಿಂತ ನೌಕರ.

ಆದರೆ ಈ ವೃತ್ತಿಗಾರನ ಕಷ್ಟವನ್ನಷ್ಟೇ ಹೇಳಿದರೆ ಚರಿತ್ರೆಗೆ ಅನ್ಯಾಯವಾದೀತು. ಹುದ್ದೆಯು ವಂಶಪಾರಂಪರ್ಯ, ಬಹುಮಟ್ಟಿಗೆ ಬ್ರಾಹ್ಮಣ ಮನೆತನಗಳಿಗೆ ಮೀಸಲು. ಓದುಬರಹವಿಲ್ಲದ ಒಕ್ಕಲಿಗೆ ತನ್ನ ಹೊಲ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಬೇರೆ ದಾರಿಯಿರಲಿಲ್ಲ. ಲೇಖನಿಯ ಒಂದು ಗೆರೆ ಒಂದು ಕುಟುಂಬದ ಅನ್ನವಾಗಬಲ್ಲದಾಗಿದ್ದಿತು. ಆದುದರಿಂದ 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯನ್ನು ನ್ಯಾಯವಾದ ಕ್ರಮವೆಂದೇ ಹೇಳಬೇಕು. ಅದು 1963ನೆಯ ಫೆಬ್ರವರಿ 1ರಂದು ಜಾರಿಗೆ ಬಂದಿತು. ಇನಾಮು ಜಮೀನು ಸರ್ಕಾರಕ್ಕೆ ಸೇರಿ, ಹಿಡುವಳಿದಾರರಿಗೆ ಪುನಃ ಮಂಜೂರಾಗಲು ಅವಕಾಶವಾಯಿತು. ತಲೆಮಾರುಗಳ ಲೆಕ್ಕವನ್ನು ಒಪ್ಪಿಸಿಬಿಡಬೇಕಾದ ಮನೆಗಳಲ್ಲಿ ಜಮೀನಿಗಿಂತ ಆ ಗಂಟಿನ ಅಗಲಿಕೆ ಕಡಿಮೆ ದುಃಖವನ್ನು ತಂದಿತೆನ್ನಲಾಗದು.

ಆ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. 2000ದ ಸುಮಾರಿಗೆ ಭೂಮಿ ಯೋಜನೆಯು ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿತು. ಚನ್ನಪಟ್ಟಣಕ್ಕೆ ನೆರೆಯಾದ ಮದ್ದೂರು ಅದರ ಮೊದಲ ಪ್ರಯೋಗಕ್ಷೇತ್ರಗಳಲ್ಲಿ ಒಂದು. ಕೈಬರಹದ ಪಹಣಿ ನಿಂತುಹೋಗಲು ಲೆಕ್ಕಿಗನ ಹಳೆಯ ಬಲವೂ ಹೋಯಿತು. ಕೆಲಸವೇನೂ ಕಡಿಮೆಯಾಗಲಿಲ್ಲ. ಇಂದು ಗ್ರಾಮ ಆಡಳಿತಾಧಿಕಾರಿ ಎನಿಸಿಕೊಂಡಿರುವ ಇವರಲ್ಲಿ ಸ್ತ್ರೀಯರೂ ಅನೇಕರಿದ್ದಾರೆ. ಬೆಳೆ ಸಮೀಕ್ಷೆ, ಪ್ರಮಾಣಪತ್ರ, ಚುನಾವಣೆ ಎಲ್ಲವೂ ಇವರ ಪಾಲಿಗಿವೆ. ಮೊಬೈಲ್ ತಂತ್ರಾಂಶಗಳ ಹೊರೆ ಹೆಚ್ಚಿತು, ಸೌಲಭ್ಯವಿಲ್ಲವೆಂದು 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಇವರು ಮುಷ್ಕರ ಹೂಡಿದರು. ಕಣದಲ್ಲಿ ಆಯಕ್ಕಾಗಿ ಕಾದು ನಿಲ್ಲುತ್ತಿದ್ದ ಶಾನುಭೋಗನಿಗೆ ಇಂತಹ ಸಂಘವೊಂದು ಇದ್ದಿರಲಿಲ್ಲ.