‘ಹಾರ್ಡ್ಲಿ’ ಅಂದರೆ ಕಷ್ಟಪಟ್ಟು ಅಲ್ಲ

ಮಾಚೇನಹಳ್ಳಿ. ಶಿವಮೊಗ್ಗ, ಭದ್ರಾವತಿ ನಡುವಿನ ಊರು. ಇಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಸಂದರ್ಶನಕ್ಕೆ ಹೊರಟಿದ್ದೀರಿ ಅಂದ್ಕೊಳ್ಳಿ. ಕಷ್ಟಪಟ್ಟು ದುಡಿಯುತ್ತೀನಿ ಅನ್ನೋಕೆ ‘ಐ ಹಾರ್ಡ್ಲಿ ವರ್ಕ್’ ಅಂದುಬಿಟ್ಟರೆ? ಅದರರ್ಥ, ನಾನು ಕೆಲಸ ಮಾಡೋದೇ ಅಪರೂಪ ಅಂತ!

ಎಡವೋದು ಎಲ್ಲಿ ಗೊತ್ತಾ? ‘ಬಸ್ಸು ನಿಧಾನವಾಗಿ ಹೋಯ್ತು.’ ಹೇಗೆ ಹೋಯ್ತು? ನಿಧಾನವಾಗಿ. ಅದೇ ಕ್ರಿಯಾವಿಶೇಷಣ, ಇಂಗ್ಲಿಷಿನ ಆಡ್ವರ್ಬ್. ನಮ್ಮ ‘ಆಗಿ’ ಮಾಡೋ ಕೆಲಸವನ್ನ ಅಲ್ಲಿ ಹೆಚ್ಚಾಗಿ ‘ಲಿ’ ಮಾಡುತ್ತೆ. ಸ್ಲೋ ಇದ್ದದ್ದು ಸ್ಲೋಲಿ ಆಗುತ್ತೆ.

ಆದರೆ ಬರೀ ಬಾಲ ನೋಡಿ ನಂಬಬೇಡಿ. ‘ಫ್ರೆಂಡ್ಲಿ’ಗೆ ಲಿ ಇದೆ, ಅದು ಗುಣವಾಚಕ. ‘ಫಾಸ್ಟ್’ಗೆ ಬಾಲವೇ ಇಲ್ಲ. ‘ಫಾಸ್ಟ್ ಬಸ್’ ಅಂದಾಗ ಗುಣವಾಚಕ, ‘ರನ್ ಫಾಸ್ಟ್’ ಅಂದಾಗ ಆಡ್ವರ್ಬ್. ನಾವು ಮಾತ್ರ ಅದಕ್ಕೂ ‘ಆಗಿ’ ಅಂಟಿಸಿ ‘ಫಾಸ್ಟಾಗಿ ಓಡು’ ಅಂತೀವಿ. ನಮ್ಮ ಬಾಯಿಗೆ ವ್ಯಾಕರಣ ಅಷ್ಟು ಚೆನ್ನಾಗಿ ಗೊತ್ತು!

ಗೊತ್ತಿರದೆ ಇರುತ್ತಾ? ಕ್ರಿಯಾವಿಶೇಷಣಗಳು ಸೇರೋದು ರೂಪ ಬದಲಾಗದ ಪದಗಳ ಗುಂಪಿಗೆ, ಅಂದರೆ ಅವ್ಯಯಕ್ಕೆ. 13ನೇ ಶತಮಾನದಲ್ಲೇ ಕೇಶಿರಾಜ ತನ್ನ ಕನ್ನಡ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೆ ಅಂತ ಒಂದು ಪ್ರಕರಣವನ್ನೇ ಬರೆದಿದ್ದ.

ಹಾಗಾಗಿ ಪದದ ಮುಖ ನೋಡಬೇಡಿ, ವಾಕ್ಯದಲ್ಲಿ ಅದು ಮಾಡ್ತಿರೋ ಕೆಲಸ ನೋಡಿ. ಕ್ರಿಯಾಪದವನ್ನ ಹಿಡಿದು ಹೇಗೆ, ಯಾವಾಗ, ಎಲ್ಲಿ, ಎಷ್ಟು ಅಂತ ಕೇಳಿ.

‘ಹಾರ್ಡ್’ ಕೂಡ ‘ಫಾಸ್ಟ್’ ಥರಾನೇ, ಬಾಲ ಬೇಡ. ಸಂದರ್ಶನದಲ್ಲಿ ಹೇಳಬೇಕಾದ್ದು? ‘ಐ ವರ್ಕ್ ಹಾರ್ಡ್.’