ಕಾಳಿನಿಂದ ಬೀರ್ ಹೇಗಾಗುತ್ತೆ?

ಆನೆಗೊಂದಿಯ ಭತ್ತದ ಗದ್ದೆ ಬದುವಿನ ಮೇಲೆ ನಿಂತು ಬೀರ್ ಮಾತಾ? ಹೌದ್ರಿ. ಬೀರ್ ಅಂದ್ರೆ ಕಾಳಿನ ಮದ್ಯ.

ಈಚಲ ಸೇಂದಿಗೆ ಸಕ್ಕರೆ ಮರದಲ್ಲೇ ತಯಾರು. ಗಡಿಗೆಗೆ ಇಳಿದ ಕೆಲವೇ ತಾಸಿನಲ್ಲಿ ಹುಳಿ ಹಿಡಿಯುತ್ತೆ. ಕಾಳಿನಲ್ಲಿ ಇರೋದು ಪಿಷ್ಟ. ಅದನ್ನ ಮೊದಲು ಸಕ್ಕರೆ ಮಾಡಬೇಕು. ಉಪಾಯ? ಮೊಳಕೆ.

ಕೂಸಿಗೆ ರಾಗಿ ಮಾಲ್ಟ್ ಮಾಡೋ ಮನೆಯಲ್ಲಿ ಅರ್ಧ ಕೆಲಸ ನೋಡಿರ್ತೀರಿ: ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸೋದು. ಬೀರಿನ ಬಾರ್ಲಿಗೂ ಅದೇ. ಒಡೆದ ಮಾಲ್ಟನ್ನ ಸುಮಾರು 65 ಡಿಗ್ರಿ ಬಿಸಿನೀರಲ್ಲಿ ಒಂದು ತಾಸು ಇಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನ ಸಕ್ಕರೆ ಮಾಡ್ತಾವೆ. ಅವಸರಪಟ್ಟು ಕುದಿಸಿದಿರೋ, ಕಿಣ್ವ ಸತ್ತು ಬರೀ ಗಂಜಿ! ಸಿಹಿನೀರು ಸೋಸಿದ ಮೇಲೇ ಕುದಿಸೋದು, ಹಾಪ್ಸ್ ಹೂ ಹಾಕಿ. ಕಹಿ ಬರೋದು ಅದರಿಂದ. ತಣಿಸಿ ಯೀಸ್ಟ್ ಬೆರೆಸಿದರೆ ಅದು ಸಕ್ಕರೆ ತಿಂದು ಮದ್ಯಸಾರ ಕೊಡುತ್ತೆ, ನೊರೆ ಏಳಿಸೋ ಅನಿಲವನ್ನೂ ಕೊಡುತ್ತೆ.

ಇದು ಹಳೇ ವಿದ್ಯೆ. ಸುಮೇರಿಯದಲ್ಲಿ ಬೀರಿಗೇ ಒಬ್ಬ ದೇವತೆ ಇದ್ದಳು, ನಿಂಕಾಸಿ. ನಮ್ಮ ಅರ್ಥಶಾಸ್ತ್ರದಲ್ಲೂ ‘ಮೇದಕ’ ಅನ್ನೋ ಅಕ್ಕಿ ಮದ್ಯದ ಅಳತೆ ಇದೆ: ನೀರಿಷ್ಟು, ಅಕ್ಕಿಯಿಷ್ಟು, ಹುದುಗು ಇಷ್ಟು ಅಂತ. ಕೌಟಿಲ್ಯ ಲೆಕ್ಕ ಬಿಡೋ ಆಸಾಮಿ ಅಲ್ಲ.

ಬಾರ್ಲಿ ಬೀರ್ ನಮ್ಮಲ್ಲಿ ಬ್ರಿಟಿಷರ ದಂಡಿನ ಜತೆ ಬೇರೂರಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಬ್ರುವರಿಗಳನ್ನ ಕೂಡಿಸಿ ಯುನೈಟೆಡ್ ಬ್ರುವರೀಸ್ ಕಟ್ಟಿದ. ಅದು ಬೆಂಗಳೂರಿನ ಕಂಪನಿಯಾಗಿ ಬೆಳೀತು. ಇವತ್ತು ಭಾರತದ ಹಲವು ಲಾಗರ್ ಬೀರ್‌ಗಳಲ್ಲಿ ಬಾರ್ಲಿ ಜತೆ ಅಕ್ಕಿಯೂ ಬೀಳುತ್ತೆ. ರುಚಿ ಹಗುರಾಗಲಿ ಅಂತ, ಖರ್ಚೂ ಹಗುರಾಗಲಿ ಅಂತ.