ಮುನ್ನೂರು ಡಾಲರ್, ವಾರಕ್ಕೆ ಅರ್ಧ ಗಂಟೆ

ಬ್ರಿಟನ್ನಿನಲ್ಲಿ ದುಡಿಯುವ ವಯಸ್ಸಿನ, ಆಟಿಸಂ ಇರುವ 10 ಮಂದಿಯಲ್ಲಿ ಕೆಲಸದಲ್ಲಿರುವವರು 3 ಮಂದಿ. ಎಲ್ಲ ಬಗೆಯ ವಿಕಲಚೇತನರನ್ನು ಒಟ್ಟಿಗೆ ತೆಗೆದುಕೊಂಡರೆ ಸುಮಾರು 5. ವೈಕಲ್ಯ ಇಲ್ಲದವರಲ್ಲಿ 8. ಆಗಿನ ಸಂಸದ ರಾಬರ್ಟ್ ಬಕ್‌ಲ್ಯಾಂಡ್ 2024ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರಕ್ಕೆ ಕೊಟ್ಟ ವರದಿಯ ಮೂಲ ಲೆಕ್ಕ ಇದು. ನಮ್ಮಲ್ಲಿ 2011ರ ಜನಗಣತಿ 2.68 ಕೋಟಿ ವಿಕಲಚೇತನರನ್ನು 8 ವರ್ಗಗಳಲ್ಲಿ ಎಣಿಸಿತು. ಆಟಿಸಂಗಾಗಲಿ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕಿಗಾಗಲಿ ಆ ಪಟ್ಟಿಯಲ್ಲಿ ಬೇರೆ ಕಾಲಂ ಇರಲಿಲ್ಲ.

ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವ ಇಂಥವರನ್ನು ಈಗ ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮಾತು ಬಂದಾಗ ಆಡಳಿತ ಮಂಡಳಿಯಿಂದ ಬರುವ ಮೊದಲ ಪ್ರಶ್ನೆ: ಖರ್ಚು ಎಷ್ಟು?

ಅದಕ್ಕೆ ಉತ್ತರವಿದೆ. ಅಮೆರಿಕದಲ್ಲಿ 1983ರಿಂದ ನಡೆಯುತ್ತಿರುವ ಜಾಬ್ ಅಕಾಮಡೇಶನ್ ನೆಟ್‌ವರ್ಕ್ ಎಂಬ ಸಲಹಾ ಕೇಂದ್ರ, ತನ್ನ ನೆರವು ಪಡೆದ ಉದ್ಯೋಗದಾತರನ್ನೇ ಈ ಬಗ್ಗೆ ಕೇಳುತ್ತ ಬಂದಿದೆ. ಎಲ್ಲ ಬಗೆಯ ವೈಕಲ್ಯಗಳೂ ಸೇರಿದ ಲೆಕ್ಕ ಅದು. ನೌಕರರಿಗಾಗಿ ಮಾಡಿದ ಬದಲಾವಣೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ ಎಂದವರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು. ಒಂದೇ ಬಾರಿ ಖರ್ಚು ಮಾಡಿದವರನ್ನು ಸಾಲಾಗಿ ನಿಲ್ಲಿಸಿದರೆ, ಇತ್ತೀಚಿನ ವರ್ಷಗಳಲ್ಲಿ ಸಾಲಿನ ನಡುವೆ ಸಿಗುವ ಮೊತ್ತ 300 ಡಾಲರ್. ನಮ್ಮ ಲೆಕ್ಕದಲ್ಲಿ 25 ಸಾವಿರ ರೂಪಾಯಿಗೂ ಹೆಚ್ಚು. ಸದ್ದು ತಡೆಯುವ ಒಳ್ಳೆಯ ಹೆಡ್‌ಫೋನ್ ಅಷ್ಟರೊಳಗೆ ಬರುತ್ತದೆ. ಕಿಟಕಿಯಿಂದ ದೂರದ ಮೂಲೆಯ ಸೀಟು, ಕಣ್ಣು ಕುಕ್ಕುವ ಟ್ಯೂಬ್‌ಲೈಟ್ ಆರಿಸುವುದು, ಜನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಕೆಲಸ ಶುರುಮಾಡಲು ಬಿಡುವುದು, ಇವಕ್ಕೆ ಬಿಲ್ಲೇ ಇಲ್ಲ.

ಏನೂ ಮಾಡದೆ ಕೂತರೆ ಆಗುವ ನಷ್ಟಕ್ಕೂ ಅಂಕಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಆರೋಗ್ಯ ಸಮೀಕ್ಷೆಯ ಭಾಗವಾಗಿ 10 ದೇಶಗಳ ದುಡಿಯುವವರನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದುಡಿಯುವ ವಯಸ್ಕರಲ್ಲಿ ಸರಾಸರಿ ಶೇ 3.5 ಮಂದಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸಲು ಕಷ್ಟವಾಗುವ ಸ್ಥಿತಿ ಇತ್ತು; ಇದೂ ನ್ಯೂರೋಡೈವರ್ಜೆಂಟ್ ಗುಂಪಿಗೇ ಸೇರಿದ್ದು. ಉಳಿದವರಿಗೆ ಹೋಲಿಸಿದರೆ ಅವರ ದುಡಿಮೆಯಲ್ಲಿ ವರ್ಷಕ್ಕೆ 22.1 ದಿನಗಳಷ್ಟು ಹೆಚ್ಚುವರಿ ನಷ್ಟ. ಚಿಕಿತ್ಸೆ ಪಡೆಯುತ್ತಿದ್ದವರು ಬೆರಳೆಣಿಕೆಯಷ್ಟು. ಭಾರತ ಆ ಹತ್ತರಲ್ಲಿ ಇರಲಿಲ್ಲ. ಆದರೂ 1,000 ಜನರಿರುವ ಒಂದು ಕಚೇರಿಗೆ ಇದೇ ಪ್ರಮಾಣ ಹಿಡಿದು ನೋಡಿ: 35 ಮಂದಿ, 773 ದಿನ. ವರ್ಷಕ್ಕೆ 250 ಕೆಲಸದ ದಿನ ಎಂದರೆ ಮೂವರ ಇಡೀ ವರ್ಷದ ದುಡಿಮೆ. ಆ 35 ಮಂದಿಯಲ್ಲಿ ಎಷ್ಟೋ ಜನರಿಗೆ ತಮಗೆ ಎಡಿಎಚ್‌ಡಿ ಇದೆಯೆಂಬುದೇ ತಿಳಿದಿರುವುದಿಲ್ಲ. 'ಗಮನವಿಲ್ಲದವನು', 'ಹೇಳಿದ್ದು ನೆನಪಿಡದವಳು' ಎಂಬ ಹೆಸರು ಹೊತ್ತು ದುಡಿಯುತ್ತಿರುತ್ತಾರೆ. ಆ ನೋವಿಗೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ.

ಹಾಗಾದರೆ ನಿಜವಾಗಿ ಬೇಕಾದ ಬಂಡವಾಳ ಯಾವುದು? ತಂಡ ನಡೆಸುವವರ ಸಮಯ. 'ಬೇಗ ಮುಗಿಸಿ ಕಳಿಸಿ' ಎನ್ನುವ ಮ್ಯಾನೇಜರ್‌ಗೂ, 'ಗುರುವಾರ ಮಧ್ಯಾಹ್ನ 3ರೊಳಗೆ, 2 ಪುಟ, ಕೊನೆಯಲ್ಲಿ ಖರ್ಚಿನ ಪಟ್ಟಿ' ಎಂದು ಬರೆದು ಕೊಡುವ ಮ್ಯಾನೇಜರ್‌ಗೂ ಇರುವ ಅಂತರ ಎರಡು ನಿಮಿಷದ್ದು. ಆಟಿಸಂ ಇರುವ ನೌಕರನಿಗೆ ಮೊದಲನೆಯ ಮಾತು ದಿನವಿಡೀ ಕಾಡುವ ಒಗಟು, ಎರಡನೆಯದು ಕೈಗೆ ಸಿಕ್ಕ ಕೆಲಸ. ಮೀಟಿಂಗಿನ ವಿಷಯಪಟ್ಟಿಯನ್ನು ಹಿಂದಿನ ದಿನವೇ ಕಳಿಸುವುದು, ಬಾಯಲ್ಲಿ ಹೇಳಿದ್ದನ್ನು ಆಮೇಲೆ ನಾಲ್ಕು ಸಾಲಿನಲ್ಲಿ ಬರೆಯುವುದು, ಶಿಫ್ಟ್ ಬದಲಾದರೆ ಮೊದಲೇ ತಿಳಿಸುವುದು, ತಪ್ಪಾದಾಗ ಎಲ್ಲರೆದುರು ಗದರದೆ ಏನು ಸರಿಹೋಗಬೇಕೆಂದು ನೇರವಾಗಿ ಹೇಳುವುದು. ಇದಕ್ಕೆಲ್ಲ ಒಬ್ಬ ನೌಕರನಿಗೆ ವಾರಕ್ಕೆ ಅರ್ಧ ಗಂಟೆ ಹಿಡಿಯೋಣ. 50 ವಾರಕ್ಕೆ 25 ಗಂಟೆ, ಅಂದರೆ ಮೂರು ಕೆಲಸದ ದಿನ. ಮೇಲಿನ 22 ದಿನಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ದುಬಾರಿ ಎಂದು ಯಾರೂ ಹೇಳಲಾರರು. ಈ ಅಭ್ಯಾಸಗಳಿಂದ ಇಡೀ ತಂಡಕ್ಕೇ ಅನುಕೂಲ, ಆದ್ದರಿಂದ ಯಾರೂ ವೈದ್ಯರ ಪತ್ರ ತೋರಿಸಿ ಬೇಡುವ ಅಗತ್ಯವೂ ಬೀಳುವುದಿಲ್ಲ.

ದೊಡ್ಡ ಗುರಿಗಳ ಕಥೆ ಬೇರೆ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ, ಆಟಿಸಂ ಇರುವವರನ್ನು ಮೊದಲು ಕೆಲಸಕ್ಕೆ ತೆಗೆದುಕೊಂಡು ನೋಡಿದ್ದು ನಮ್ಮ ಬೆಂಗಳೂರಿನ ಕಚೇರಿಯಲ್ಲಿ. ಅದರ ಬಲದ ಮೇಲೆ 2013ರ ಮೇ ತಿಂಗಳಲ್ಲಿ, 2020ರ ಹೊತ್ತಿಗೆ ಸಿಬ್ಬಂದಿಯಲ್ಲಿ ಶೇ 1ರಷ್ಟು ಆಟಿಸಂ ಇರುವವರಿರಬೇಕು ಎಂದು ಸಾರಿತು. ಆಗಿನ 65,000 ಸಿಬ್ಬಂದಿಯಲ್ಲಿ 650 ಮಂದಿ. ಗಡುವು ಬಂದಾಗ ಸಂಖ್ಯೆ 200ರ ಆಸುಪಾಸಿನಲ್ಲಿತ್ತು. ಆದರೆ ಸೇರಿದವರಲ್ಲಿ ಹೆಚ್ಚಿನವರು ಬಿಟ್ಟುಹೋಗಲಿಲ್ಲ. 10ರಲ್ಲಿ 9 ಮಂದಿ ಉಳಿದರೆಂದು ಕಂಪನಿ ಹೇಳಿಕೊಂಡಿದೆ. ಪ್ರತಿಯೊಬ್ಬರ ಸುತ್ತ ಮ್ಯಾನೇಜರ್, ಜೊತೆಗಾರ ಸಹೋದ್ಯೋಗಿ, ಮಾರ್ಗದರ್ಶಿ ಇರುವ ಒಂದು ಬಳಗವನ್ನು ಕಟ್ಟಿದ್ದೇ ಅದಕ್ಕೆ ಕಾರಣ ಎಂದು ನನ್ನ ಎಣಿಕೆ. ಉಳಿಸಿಕೊಳ್ಳುವುದು ತಂಡದ ಮುಖ್ಯಸ್ಥರ ಕೈಯಲ್ಲಿದೆ. ಒಳಗೆ ಬಿಡುವ ಬಾಗಿಲು ಮಾತ್ರ ಇನ್ನೂ ಕಿರಿದು: ಕಣ್ಣಲ್ಲಿ ಕಣ್ಣಿಟ್ಟು ಮಾತನಾಡದವನನ್ನು 20 ನಿಮಿಷದ ಸಂದರ್ಶನ ಹೊರಗಟ್ಟುತ್ತದೆ, ಒಂದು ದಿನ ಕೆಲಸ ಮಾಡಿಸಿ ನೋಡಿದರೆ ಅವನೇ ಗೆಲ್ಲಬಹುದು. ಐಟಿಯಲ್ಲಷ್ಟೇ ಇದು ಸಾಧ್ಯ ಎಂಬ ಮಾತನ್ನೂ ಒಪ್ಪಬೇಕಾಗಿಲ್ಲ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನು ಬೌದ್ಧಿಕ ಹಾಗೂ ದೈಹಿಕ ವೈಕಲ್ಯವಿರುವವರೇ ನಡೆಸುತ್ತಾರೆ. 2023ರಲ್ಲಿ ಅದು ಸುಪ್ರೀಂ ಕೋರ್ಟ್ ಆವರಣವನ್ನೂ ಮುಟ್ಟಿತು.

ನಮ್ಮ ಕಾನೂನು ಏನು ಹೇಳುತ್ತದೆ? 1995ರ ಕಾಯ್ದೆಯಲ್ಲಿ 7 ವೈಕಲ್ಯಗಳಿದ್ದವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದವು, ಎಡಿಎಚ್‌ಡಿ ಹೊರಗುಳಿಯಿತು. ಸರ್ಕಾರಿ ಹುದ್ದೆಗಳ ಶೇ 4 ಮೀಸಲಿನಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯ ಎಲ್ಲವೂ ಹಂಚಿಕೊಳ್ಳಬೇಕು. ಅದಕ್ಕೂ ವೈಕಲ್ಯ ಶೇ 40ಕ್ಕಿಂತ ಕಡಿಮೆ ಇರಬಾರದು. ಕಾಯ್ದೆ ಮುರಿದವರಿಗೆ ಮೊದಲ ಸಲ ಗರಿಷ್ಠ ದಂಡ 10,000 ರೂಪಾಯಿ, ಒಂದು ಸಾಧಾರಣ ಮೊಬೈಲಿನ ಬೆಲೆ. ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ. ಮೊದಲ ದಂಡ ಯಾರನ್ನೂ ಹೆದರಿಸುವಂಥದ್ದಲ್ಲ, ಇದನ್ನು ಹೆಚ್ಚಿಸಲೇಬೇಕು.

ಆದರೆ ಕೈಯಲ್ಲಿರುವ ಒಂದು ಹತ್ಯಾರವನ್ನು ನಾವೇ ಬಳಸುತ್ತಿಲ್ಲ. 2017ರ ನಿಯಮಗಳಂತೆ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಕೂಡ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ವಿಕಲಚೇತನರಿಗೆ ಯಾವ ಹುದ್ದೆ, ಯಾವ ಸೌಲಭ್ಯ, ಆಯ್ಕೆ ಹೇಗೆ, ಇದನ್ನೆಲ್ಲ ನೋಡಿಕೊಳ್ಳುವ ಸಂಪರ್ಕಾಧಿಕಾರಿ ಯಾರು ಎಂಬುದು ಅದರಲ್ಲಿರಬೇಕು. ನಿಮ್ಮ ಕಚೇರಿಯಲ್ಲಿ ಅದು ಎಲ್ಲಿದೆ, ಆ ಅಧಿಕಾರಿ ಯಾರು ಎಂದು ಈ ವಾರವೇ ಎಚ್‌ಆರ್‌ಗೆ ಒಂದು ಇಮೇಲ್ ಬರೆದು ಕೇಳಿ.